ಐವತ್ತು ತುಂಬುವ ಕಾರು ಮಳೆಯಲ್ಲಿ ನೆನೆಯಲಿ

ಕಳೆದ ವಾರ ಸಂಜೆ ಲಿಬರ್ಟಿ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಮಳೆ ಜೋರಾಗಿತ್ತು. ನನ್ನ ಕಾರಿನ ವೈಪರ್‌ಗೆ ಇರುವುದು ಒಂದೇ ವೇಗ, ಅದೂ ಮುದುಕನ ನಡಿಗೆ. ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಗಾಜು ಮತ್ತೆ ನೀರಾಗಿರುತ್ತದೆ. ಪಕ್ಕದಲ್ಲಿ ಬೈಕಿನ ಮೇಲೆ ತೊಯ್ದು ತೊಪ್ಪೆಯಾಗಿ ನಿಂತಿದ್ದ ಹುಡುಗ ಕಿಟಕಿ ತಟ್ಟಿದ. ಇಳಿಸಿದೆ. "ಅಂಕಲ್, ಇಸ್ಕು ಮ್ಯೂಸಿಯಂ ಮೆ ರಖೋ ನಾ, ಬಾರಿಶ್ ಮೆ ಕೈಕು ನಿಕಾಲೆ?" ಅಂದ. ಮ್ಯೂಸಿಯಮ್ಮಿನಲ್ಲಿಡುವುದು ಬಿಟ್ಟು ಮಳೆಯಲ್ಲಿ ಯಾಕೆ ತೆಗೆದಿರಿ ಎಂದು ಅವನ ಪ್ರಶ್ನೆ. ಹಂಗಿಸಿದ್ದಲ್ಲ, ನಿಜವಾದ ಕಾಳಜಿಯಿಂದಲೇ ಕೇಳಿದ. ಅಷ್ಟರಲ್ಲಿ ಹಸಿರು ಬಿತ್ತು, ಉತ್ತರ ಕೊಡಲಾಗಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಅದೇ ಪ್ರಶ್ನೆಯನ್ನು ಈ ವರ್ಷ ಸರ್ಕಾರವೂ ನನಗೆ ಕೇಳುತ್ತಿದೆ, ಅರ್ಜಿಯ ರೂಪದಲ್ಲಿ.

ಕಾರು 1976ರ ಪ್ರೀಮಿಯರ್ ಪದ್ಮಿನಿ. ಕಲಬುರಗಿ ಕಡೆಯಿಂದ ಬ್ಯಾಂಕಿನ ನೌಕರಿಗೆಂದು ಹೈದರಾಬಾದಿಗೆ ಬಂದ ನಮ್ಮಪ್ಪ, ಹೆಸರು ಬರೆಸಿ ವರ್ಷಗಟ್ಟಲೆ ಕಾದು ಆ ನವೆಂಬರಿನಲ್ಲಿ ತಂದದ್ದು. 1089 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್, ಸ್ಟೇರಿಂಗ್ ಕಂಬಕ್ಕೇ ಅಂಟಿಕೊಂಡ ಗೇರ್, ಮುಂದೆ ಉದ್ದನೆಯ ಸೋಫಾದಂಥ ಸೀಟು. ಈ ಸೀಟಿನ ಮೇಲೆ ಅಪ್ಪ, ಅವ್ವ, ನಡುವೆ ನಾನು ಕೂತು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಿಗೆ ಹೋಗುತ್ತಿದ್ದೆವು. ಈಗ ನಾನು ದಿನಾ ಹಿಮಾಯತ್‌ನಗರದ ಮನೆಯಿಂದ ಬಶೀರ್‌ಬಾಗ್ ಮೇಲೆ ಹಾದು ಆಬಿಡ್ಸ್‌ನ ನನ್ನ ಲೆಕ್ಕಪತ್ರದ ಆಫೀಸಿಗೆ ಇದರಲ್ಲೇ ಹೋಗುತ್ತೇನೆ. ಬೇರೆ ಕಾರಿಲ್ಲ. ಬೇರೆ ಕಾರು ಇದ್ದು ಇದನ್ನು ಭಾನುವಾರಕ್ಕೆ ಮಾತ್ರ ತೆಗೆಯುವವರು ನನ್ನ ಮಿತ್ರರಲ್ಲಿ ಅನೇಕರಿದ್ದಾರೆ. ಅವರೊಂದಿಗೆ ನನ್ನ ಜಗಳ ಹಳೆಯದು.

ಹಿಮ ಬೀಳುವ ದೇಶಗಳಲ್ಲಿ ಈ ಜಗಳಕ್ಕೆ ದೊಡ್ಡ ಇತಿಹಾಸವಿದೆ. ಅಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಲೆಂದು ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ಹೊಟ್ಟೆಗೆ ಮೆತ್ತಿಕೊಂಡರೆ ತಗಡು ಕೆಲವೇ ವರ್ಷಗಳಲ್ಲಿ ಹಪ್ಪಳವಾಗುತ್ತದೆ. ಹಾಗಾಗಿ ಹಳೆಯ ಕಾರು ಇಟ್ಟವರಲ್ಲಿ ಬಹಳ ಮಂದಿ ಚಳಿ ಶುರುವಾಗುವ ಮುನ್ನ ಅದನ್ನು ಶೆಡ್ಡಿಗೆ ತಳ್ಳಿ, ಬಟ್ಟೆ ಹೊದಿಸಿ, ವಸಂತಕ್ಕೆ ತೆಗೆಯುತ್ತಾರೆ. ಹಠ ಹಿಡಿದು ಹಿಮದಲ್ಲೂ ದಿನಾ ಓಡಿಸುವ ಕೆಲವರಿದ್ದಾರೆ, ಅವರನ್ನು ಉಳಿದವರು ಅರೆಹುಚ್ಚರೆಂದು ಕರೆಯುತ್ತಾರೆ. ನಮ್ಮಲ್ಲಿ ಹಿಮವಿಲ್ಲ, ಜೂನಿನಿಂದ ಅಕ್ಟೋಬರಿನವರೆಗೆ ಮಳೆಯಿದೆ. ಹಿಮಾಯತ್‌ನಗರಕ್ಕೆ ಇದು ಸಣ್ಣ ಮಾತಲ್ಲ. ಹುಸೇನ್ ಸಾಗರದ ಹೆಚ್ಚುವರಿ ನೀರು ಮೂಸಿ ಸೇರುವ ನಾಲೆ ದೋಮಲ್‌ಗುಡ, ಅಶೋಕ್‌ನಗರಗಳ ಮೇಲೆ ಹಾದು ನಮ್ಮ ಬಗಲಲ್ಲೇ ಹರಿಯುತ್ತದೆ. 2000ದ ಆಗಸ್ಟ್‌ನಲ್ಲಿ ಮತ್ತು 2020ರ ಅಕ್ಟೋಬರ್ 13ರ ರಾತ್ರಿ ಈ ಊರು ಏನು ಕಂಡಿತೆಂದು ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ.

ಆ 2020ರ ಮಳೆಯ ಮರುದಿನ ನಮ್ಮ ಓಣಿಯಲ್ಲಿ ನೀರು ಹೊಕ್ಕ ಕಾರುಗಳು ಸಾಲಾಗಿ ನಿಂತಿದ್ದವು. ಹೊಸ ಕಾರುಗಳ ಸೀಟಿನ ಕೆಳಗೆ, ಡ್ಯಾಶ್‌ಬೋರ್ಡಿನ ಹಿಂದೆ ಅಷ್ಟೊಂದು ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿರುತ್ತವೆ, ಕೆಸರುನೀರು ಅಲ್ಲಿಗೆ ಮುಟ್ಟಿತೆಂದರೆ ಇನ್ಶೂರೆನ್ಸಿನವರು ರಿಪೇರಿಗಿಂತ ಕೈತೊಳೆದುಕೊಳ್ಳುವುದೇ ಲೇಸು ಎನ್ನುತ್ತಾರೆ. ನನ್ನ ಕಾರಿಗೂ ಸೀಟಿನ ಮಟ್ಟಕ್ಕೆ ನೀರು ಬಂದಿತ್ತು. ಉಸ್ತಾದ್ ಬಂದರು. ಅವರ ಹೆಸರು ಬೇಡ, ಹೆಸರು ಹಾಕಿದರೆ ಬೈಯುತ್ತಾರೆ. ಇಂಜಿನ್ ಆಯಿಲ್, ಗೇರ್ ಆಯಿಲ್, ಹಿಂದಿನ ಆಕ್ಸಲ್ಲಿನ ಆಯಿಲ್ ಎಲ್ಲ ಸುರಿದರು. ಪ್ಲಗ್ ಬಿಚ್ಚಿ ಇಂಜಿನ್ ತಿರುಗಿಸಿ ನೀರಿಲ್ಲವೆಂದು ಖಾತ್ರಿ ಮಾಡಿಕೊಂಡರು. ಡೈನಮೋ, ಸ್ಟಾರ್ಟರ್ ಬಿಚ್ಚಿ ಒಣಗಿಸಿದರು. ಸೀಟು, ಜಮಖಾನೆ ನಾಲ್ಕು ದಿನ ಮಾಳಿಗೆಯ ಮೇಲೆ ಬಿಸಿಲು ಕಾದವು. ಐದನೆಯ ದಿನ ಕಾರು ಚೋಕ್ ಎಳೆದ ಕೂಡಲೇ ಕೆಮ್ಮಿ ಎದ್ದಿತು. ಹಳೆಯದೆಲ್ಲ ಶ್ರೇಷ್ಠ ಎಂದು ಹೇಳಲು ಇದನ್ನು ಹೇಳುತ್ತಿಲ್ಲ. ಇಂಜಿನ್ನಿನೊಳಗೆ ನೀರು ಎಳೆದುಕೊಂಡಿದ್ದರೆ ಹೊಸದೇ ಆಗಲಿ ಹಳೆಯದೇ ಆಗಲಿ ಕನೆಕ್ಟಿಂಗ್ ರಾಡ್ ಬಾಗುವುದು ಒಂದೇ. ಆದರೆ ಕೈಯಿಂದ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಬಹುದಾದ ಯಂತ್ರ ಇನ್ನೂ ರಸ್ತೆಯ ಮೇಲಿದೆ ಎನ್ನುವುದು ನನಗೆ ಧೈರ್ಯದ ಸಂಗತಿ.

ಮಳೆಯಲ್ಲಿ ಇದನ್ನು ಓಡಿಸುವುದು ಸುಲಭವಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಹಿಡಿದರೆ ಕಿಡಿ ದಾರಿ ತಪ್ಪುತ್ತದೆ. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಣ ಬಟ್ಟೆಯೊಂದು ಸದಾ ಇರಬೇಕು, ಬಾನೆಟ್ ಎತ್ತಿ ಕ್ಯಾಪ್ ಒರೆಸಬೇಕು. ಮೊಣಕಾಲುದ್ದದ ನೀರು ದಾಟುವ ಮುನ್ನ ಫ್ಯಾನ್ ಬೆಲ್ಟ್ ಸಡಿಲಿಸಿ ತೆಗೆಯಬೇಕು, ಇಲ್ಲದಿದ್ದರೆ ಫ್ಯಾನೇ ನೀರನ್ನು ಎತ್ತಿ ಇಂಜಿನ್ ಮೇಲೆಲ್ಲ ಎರಚುತ್ತದೆ. ಮೊದಲ ಗೇರಿನಲ್ಲಿ, ಆಕ್ಸಿಲರೇಟರ್ ಬಿಡದೆ, ಒಂದೇ ಹದದಲ್ಲಿ ದಾಟಬೇಕು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಒಳಗೆ ನೀರು ಹೊಕ್ಕರೆ ಬ್ರೇಕ್ ಇದ್ದೂ ಇಲ್ಲದಂತೆ. ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕ್ ಮೇಲೆ ಹಗುರಾಗಿ ಕಾಲಿಟ್ಟೇ ಓಡಿಸಿ, ಬಿಸಿಗೆ ಅದು ಒಣಗುವ ತನಕ ಎದುರಿನ ಆಟೋವನ್ನು ದೂರ ಇಡಬೇಕು. ಗಾಜಿಗೆ ಮಂಜು ಹಿಡಿದರೆ ಮುಂದಿನ ಚಿಕ್ಕ ತ್ರಿಕೋನ ಗಾಜು ತೆರೆಯಬೇಕು, ಆಗ ಬಲಗೈ ತೋಳು ನೆನೆಯುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಎಲ್ಲ ಅಂಗಿಗಳ ಬಲತೋಳು ಎಡತೋಳಿಗಿಂತ ಒಂದು ಬಣ್ಣ ಕಡಿಮೆ!

ಇಷ್ಟೆಲ್ಲ ಕಷ್ಟಪಟ್ಟು ದಿನಾ ಯಾಕೆ? ಮಗಳು ಕೇಳುವುದೂ ಇದನ್ನೇ. "ಅಪ್ಪಾ, ಅದನ್ನ ಚಂದಂಗ ಪೇಂಟ್ ಮಾಡಿಸಿ ಒಳಗ ನಿಲ್ಲಸ್ರಿ, ಹೊಸಾದೊಂದು ತಗೋರಿ. ಮಳ್ಯಾಗ ಕೊಳಸ್ತೀರಿ ಅದನ್ನ." ಅವಳ ಕಣ್ಣಿಗೆ ಮಳೆ ಕಾರನ್ನು ತಿನ್ನುತ್ತದೆ. ತಿನ್ನುತ್ತದೆ, ಸುಳ್ಳಲ್ಲ. ಬಾಗಿಲ ಕೆಳಗಿನ ನೀರು ಇಳಿಯುವ ತೂತಿಗೆ ಬೇವಿನೆಲೆ ಕಟ್ಟಿಕೊಂಡು ಒಳಗೇ ನೀರು ನಿಂತು, 2011ರಲ್ಲಿ ಎಡಬಾಗಿಲ ತಳ ಪೂರ್ತಿ ಹೊಸದಾಗಿ ಬೆಸೆಯಬೇಕಾಯಿತು. ಆದರೆ ಐವತ್ತು ವರ್ಷದ ಅನುಭವದಿಂದ ಹೇಳುತ್ತೇನೆ, ಮಳೆಗಿಂತ ಜಾಸ್ತಿ ತಿನ್ನುವುದು ನಿಲುಗಡೆ. ನಿಂತ ಕಾರಿನ ಬ್ರೇಕ್ ಸಿಲಿಂಡರಿನ ರಬ್ಬರು ಅಂಟಿಕೊಳ್ಳುತ್ತದೆ, ಬ್ಯಾಟರಿ ಸಾಯುತ್ತದೆ, ಇಲಿ ವೈರು ಕಡಿಯುತ್ತದೆ, ಕಾರ್ಬ್ಯುರೇಟರಿನ ಸಣ್ಣ ಜೆಟ್ಟಿಗೆ ಗೋಂದಿನಂಥ ಪದರ ಕೂರುತ್ತದೆ. ಈಗಂತೂ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ಎರಡು ತಿಂಗಳು ನಿಂತರೆ ನೀರು ತಳ ಸೇರುತ್ತದೆ, ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ. ನಮ್ಮ ಕಾಲದ ರಬ್ಬರ್ ಪೈಪುಗಳಿಗೂ ಅದು ಒಗ್ಗದು. ನಾನು ಪೈಪು, ಪಂಪಿನ ಡಯಾಫ್ರಮ್ ಎಲ್ಲ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿಕೊಂಡೆ. 2000ದ ಫೆಬ್ರವರಿಯಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಾಗಲೂ ಹಳೆಯ ಇಂಜಿನ್ನುಗಳ ಕತೆ ಮುಗಿಯಿತು ಎಂದಿದ್ದರು. ವಾಲ್ವ್ ಸೀಟು ಗಟ್ಟಿ ಲೋಹದ್ದು ಹಾಕಿಸಿದೆವು, ಮುಗಿಯಿತು.

ದಿನಾ ಓಡುವ ಕಾರು ತನ್ನ ಕಾಯಿಲೆಯನ್ನು ದಿನಾ ಹೇಳುತ್ತದೆ. ನಿಂತ ಕಾರು ಹೇಳುವುದೇ ಇಲ್ಲ. ಇದಕ್ಕೆ ದೊಡ್ಡ ಸಾಕ್ಷಿ ಮುಂಬಯಿ. ಉಪ್ಪುಗಾಳಿ, ಆ ಊರಿನ ಮಳೆ ಎರಡನ್ನೂ ಕುಡಿಯುತ್ತ ಪದ್ಮಿನಿ ಟ್ಯಾಕ್ಸಿಗಳು ದಶಕಗಳ ಕಾಲ ಹಗಲು ರಾತ್ರಿ ದುಡಿದವು. ಟ್ಯಾಕ್ಸಿಗೆ 20 ವರ್ಷದ ಮಿತಿ ಬಂದದ್ದರಿಂದ 2023ರ ಅಕ್ಟೋಬರಿನಲ್ಲಿ ಕೊನೆಯದು ರಸ್ತೆ ಬಿಟ್ಟಿತು. ಅದನ್ನು ನಿಲ್ಲಿಸಿದ್ದು ಮಳೆಯಲ್ಲ, ಕ್ಯಾಲೆಂಡರು.

ಈಗ ಅರ್ಜಿಯ ವಿಷಯಕ್ಕೆ ಬರುತ್ತೇನೆ. 2021ರ ಜುಲೈಯಲ್ಲಿ ಕೇಂದ್ರದ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆಂದೇ ನಿಯಮ ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಖಾಸಗಿ ವಾಹನ ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಮೊದಲೇ ನೋಂದಣಿಯಾದ ಗಾಡಿ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಓದುತ್ತ ಬಂದಾಗ ನನಗೆ ಖುಷಿಯೇ ಆಗಿತ್ತು, ಕೊನೆಗೂ ನಮ್ಮನ್ನು ಗುಜರಿಯಿಂದ ಬೇರೆ ಮಾಡಿ ನೋಡಿದರಲ್ಲ ಎಂದು. ಮುಂದಿನ ಸಾಲು ಬಂತು: ಇಂಥ ವಾಹನವನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇವುಗಳಿಗೆ ಮಾತ್ರ.

ಗೌರವ ಕೊಟ್ಟು ಮೂಲೆಗೆ ಕೂರಿಸುವುದು ಅಂದರೆ ಇದೇ. ಮನೆಯ ಹಿರಿಯರಿಗೆ ಶಾಲು ಹೊದಿಸಿ, ಇನ್ನು ನೀವು ಅಡುಗೆಮನೆಗೆ ಬರಬೇಡಿ ಎಂದ ಹಾಗೆ.

ಬೇಡವೆಂದರೆ ಸಾಮಾನ್ಯ ಕಾರಾಗಿಯೇ ಮುಂದುವರಿಸಬಹುದು. ಅದಕ್ಕೆ ಐದು ವರ್ಷಕ್ಕೊಮ್ಮೆ ನವೀಕರಣ. 2021ರಲ್ಲಿ ನಾನು ಕಟ್ಟಿದ ಕೇಂದ್ರದ ಶುಲ್ಕ 600 ರೂಪಾಯಿ. 2022ರ ಏಪ್ರಿಲಿನಿಂದ ಅದು 5,000 ಆಯಿತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಯಿತು. ಅಂದರೆ ನಿಂತರೆ ಅಗ್ಗ, ಓಡಿದರೆ ತುಟ್ಟಿ. ದೆಹಲಿಯವರ ಪಾಡು ಇನ್ನೂ ಕಷ್ಟ. ಪೆಟ್ರೋಲ್ ಗಾಡಿಗೆ 15, ಡೀಸೆಲಿಗೆ 10 ವರ್ಷ ಎಂಬ ಮಿತಿಯನ್ನು 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ಗಾಡಿಗೆ ಬಂಕಿನಲ್ಲಿ ಎಣ್ಣೆಯನ್ನೇ ಹಾಕಬಾರದೆಂದು ಶುರುಮಾಡಿ, ಜನ ಸಿಟ್ಟಾದ ಮೇಲೆ ಕೆಲವೇ ದಿನಗಳಲ್ಲಿ ತಡೆಹಿಡಿದರು.

ಎದುರು ವಾದ ನನಗೆ ಗೊತ್ತು, ಅದು ದುರ್ಬಲವೂ ಅಲ್ಲ. ಹೊಗೆ ತಪಾಸಣೆಯಲ್ಲಿ ನನ್ನ ಕಾಲದ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಶೇ 3ರ ತನಕ ಬಿಡುತ್ತಾರೆ. ಬಿಎಸ್-4 ಕಾರಿಗೆ ಮಿತಿ ಶೇ 0.3. ಹತ್ತು ಪಟ್ಟು. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಸೀಟ್‌ಬೆಲ್ಟ್ ನಾನು ಆಮೇಲೆ ಹಾಕಿಸಿಕೊಂಡದ್ದು. ಹಿಂದೆ ನಿಂತ ಬೈಕಿನವನ ಮೂಗಿಗೆ ನನ್ನ ಹೊಗೆ ಹೋಗುತ್ತದೆ ಎನ್ನುವುದನ್ನು ಯಾವ ಪ್ರೀತಿಯ ಮಾತೂ ಅಳಿಸದು. ಅದಕ್ಕೇ ಕಾರ್ಬ್ಯುರೇಟರನ್ನು ಆರು ತಿಂಗಳಿಗೊಮ್ಮೆ ಹದ ಮಾಡಿಸುತ್ತೇನೆ. ಎಲ್ಲರೂ 1976ರ ಕಾರು ಓಡಿಸಲಿ ಎಂದು ಕೇಳುವ ಮೂರ್ಖತನ ನನ್ನಲ್ಲಿಲ್ಲ. ನನ್ನ ತಕರಾರು ಅಳತೆಗೋಲಿನ ಬಗ್ಗೆ. ಹೊಗೆಯನ್ನು ಅಳೆಯಿರಿ, ಬ್ರೇಕನ್ನು ಅಳೆಯಿರಿ, ಪ್ರತಿವರ್ಷ ಬೇಕಾದರೂ ಕರೆಯಿರಿ, ಬೇಕಾದರೆ ನನಗೆ ಮಿತಿಯನ್ನು ಇನ್ನಷ್ಟು ಬಿಗಿ ಮಾಡಿ. ಫೇಲಾದರೆ ನಾನೇ ನಿಲ್ಲಿಸುತ್ತೇನೆ. ಅಳೆಯದೆ ಬರೀ ವಯಸ್ಸು ನೋಡಿ ನಿಲ್ಲಿಸಬೇಡಿ.

ಇದಕ್ಕೆ ನಾವು ಕನ್ನಡಿಗರು ಸ್ವಲ್ಪ ಹೆಚ್ಚು ತಲೆಕೆಡಿಸಿಕೊಳ್ಳಬೇಕೆಂದು ನನಗೆ ಅನಿಸಲು ಒಂದು ಕಾರಣವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಈ ಊರಿನಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಸರ್ಕಾರ ಕರೆಸಿದ್ದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಎದ್ದವು. ಇದು ಇಲ್ಲಿಯ ಕನ್ನಡಿಗರೆಲ್ಲ ಹೇಳಿಕೊಳ್ಳುವ ಕತೆ. ಹೇಳದೆ ಬಿಡುವುದು ಇನ್ನೊಂದು. 1935ರಲ್ಲಿ ಅದೇ ಮನುಷ್ಯ, ಎಪ್ಪತ್ತು ದಾಟಿದ ಮೇಲೆ, ಯುರೋಪು ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೇ ಕಾರು ಮಾಡುವ ಯೋಜನೆ ಬರೆದರು. ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಮೈಸೂರು ಸರ್ಕಾರದ ಬೆಂಬಲದಲ್ಲಿ ಬೆಂಗಳೂರಿನಲ್ಲೇ ಕಾರ್ಖಾನೆ ಎಂಬ ಮಾತಿತ್ತು, ಬ್ರಿಟಿಷ್ ಸರ್ಕಾರ ಆಗಗೊಡಲಿಲ್ಲ. ಕೊನೆಗೆ 1944ರಲ್ಲಿ ವಾಲ್‌ಚಂದ್ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಶುರುಮಾಡಿದರು. ನನ್ನ ಪದ್ಮಿನಿ ಬಂದದ್ದು ಅಲ್ಲಿಂದ. ನಾನು ವಾರಕ್ಕೊಮ್ಮೆ, ಇಂಜಿನ್ ಚೆನ್ನಾಗಿ ಬಿಸಿಯಾಗಲೆಂದು (ದಿನದ ನಾಲ್ಕಾರು ಕಿಲೋಮೀಟರು ಅದಕ್ಕೆ ಸಾಲದು, ಆಯಿಲಿನಲ್ಲಿ ತೇವ ಉಳಿದುಬಿಡುತ್ತದೆ) ಗಂಡಿಪೇಟೆಗೆ, ಅಂದರೆ ಉಸ್ಮಾನ್ ಸಾಗರಕ್ಕೆ ಹೋಗಿಬರುತ್ತೇನೆ. ಕಟ್ಟೆಯ ಬಳಿ ಕಾರು ನಿಲ್ಲಿಸಿ ಚಹಾ ಕುಡಿಯುವಾಗ, ಒಬ್ಬನೇ ಮನುಷ್ಯನ ತಲೆಯಿಂದ ಹೊರಟ ಎರಡು ದಾರಿಗಳು ಇಲ್ಲಿ ಬಂದು ಕೂಡಿದವಲ್ಲ ಎನಿಸುತ್ತದೆ.

ಮ್ಯೂಸಿಯಮ್ಮುಗಳ ಮೇಲೆ ನನಗೆ ದ್ವೇಷವಿಲ್ಲ. ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ 1912ರ ಹಳದಿ ರೋಲ್ಸ್ ರಾಯ್ಸ್ ನಿಂತಿದೆ, ನೋಡಲೇಬೇಕಾದದ್ದು. ಮೈಸೂರು ಹೆದ್ದಾರಿಯಲ್ಲಿ ಧರ್ಮಸ್ಥಳದ ಹೆಗ್ಗಡೆಯವರು ಮಾಡಿಸಿದ 'ಪಯಣ'ಕ್ಕೆ ಹೋದಾಗ ಅರ್ಧ ದಿನ ಕಳೆದೆ. ಆದರೆ ರೋಲ್ಸ್ ರಾಯ್ಸ್ ಹುಟ್ಟಿದ್ದೇ ಮೆರವಣಿಗೆಗೆ. ಪದ್ಮಿನಿ ಹುಟ್ಟಿದ್ದು ಸಂತೆಗೆ, ಶಾಲೆಗೆ, ಆಸ್ಪತ್ರೆಗೆ. ಅದನ್ನು ಹಗ್ಗ ಕಟ್ಟಿದ ಕಟ್ಟೆಯ ಮೇಲೆ ನಿಲ್ಲಿಸಿದರೆ ನೋಡುವವನಿಗೆ ಗೊತ್ತಾಗುವುದು ಅದರ ಆಕಾರ ಮಾತ್ರ. ಇನ್ನೊಂದು ಮಾತು: ಕಾರು ನಿಂತರೆ ಉಸ್ತಾದರಂಥವರ ಕೈಯೂ ನಿಲ್ಲುತ್ತದೆ. ರಾಣಿಗಂಜಿನ ಅಂಗಡಿಯಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪದ್ಮಿನಿಯ ವೀಲ್ ಸಿಲಿಂಡರ್ ಕೇಳುವವರು ಇನ್ನೂ ನಾಲ್ಕು ಜನ ಇರುವುದರಿಂದಲೇ ಇಡುವವರು ಒಬ್ಬರಾದರೂ ಇದ್ದಾರೆ. ವರ್ಷಕ್ಕೊಂದು ರ‍್ಯಾಲಿಗೆ ಹೋಗುವ ಕಾರಿಗೆ ಬ್ರೇಕ್ ಶೂ ಸವೆಯುವುದೇ ಇಲ್ಲ. ಉಸ್ತಾದರ ಮಗ ಈಗ ಅಪ್ಪನ ಜೊತೆ ಕಾರ್ಬ್ಯುರೇಟರ್ ಬಿಚ್ಚಲು ಕಲಿಯುತ್ತಿದ್ದಾನೆ. ಇನ್ನು ಐದು ವರ್ಷಕ್ಕೆ ಅವನಿಗೆ ಕೆಲಸ ಸಿಗುತ್ತದೆಯೇ ಎನ್ನುವುದನ್ನು ತೀರ್ಮಾನಿಸುವುದು ನಮ್ಮಂಥ ನಾಲ್ಕು ಜನ ಅರೆಹುಚ್ಚರು ಯಾವ ಅರ್ಜಿ ತುಂಬುತ್ತೇವೆ ಎನ್ನುವುದು.

ನವೆಂಬರಿಗೆ ನಮ್ಮ ಕಾರಿಗೆ ಐವತ್ತು. ಮೇಜಿನ ಮೇಲೆ ಎರಡೂ ಅರ್ಜಿಗಳಿವೆ. ಹತ್ತು ಸಾವಿರದ್ದನ್ನು ತುಂಬಿದ್ದೇನೆ, ಸಹಿ ಒಂದು ಬಾಕಿ. ಅದಕ್ಕೂ ಮೊದಲು ಫಿಟ್‌ನೆಸ್ ತಪಾಸಣೆ ಇದೆ. ಎಡಗಡೆ ವೈಪರಿನ ರಬ್ಬರು ಹರಿದಿದೆ, ಹ್ಯಾಂಡ್‌ಬ್ರೇಕಿನ ಕೇಬಲ್ ಸಡಿಲವಾಗಿದೆ. ಶನಿವಾರ ಮಳೆ ಬಿಟ್ಟರೆ ರಾಣಿಗಂಜಿಗೆ ಹೋಗಬೇಕು. ಬಿಡದಿದ್ದರೂ ಹೋಗಬೇಕು.