ಓರಣಕ್ಕೊಂದು ಮುಹೂರ್ತ

ಮನೆಯನ್ನು ಓರಣವಾಗಿಡದವರೆಲ್ಲ ಸೋಮಾರಿಗಳೆಂದು ಲೋಕ ನಂಬಿದೆ. ಇದು ಅರ್ಧಸತ್ಯ. ನಾನು ಕಂಡಂತೆ, ಅಟ್ಟದ ತುಂಬ ಸಾಮಾನು ಒಟ್ಟಿಕೊಂಡು ಕುಳಿತವರಲ್ಲಿ ಹಲವರು ಅಚ್ಚುಕಟ್ಟಿನ ಪರಮ ಆರಾಧಕರು. ಮಾಡಿದರೆ ಪರಿಪೂರ್ಣವಾಗಿ ಮಾಡಬೇಕು, ಇಲ್ಲವಾದರೆ ಕೈಹಚ್ಚಲೇಬಾರದು ಎಂಬುದು ಅವರ ವ್ರತ. ವ್ರತದ ಪೂರ್ವಾರ್ಧಕ್ಕೆ ಪುರಸೊತ್ತು ಒದಗುವುದೇ ಇಲ್ಲ. ಉತ್ತರಾರ್ಧ ಮಾತ್ರ ನಿಷ್ಠೆಯಿಂದ ನೆರವೇರುತ್ತದೆ.

ನನ್ನ ಮಿತ್ರರೊಬ್ಬರ ತಂದೆ ಹಳೆಯ ಕಾಲದ ಕನ್ನಡ ಪಂಡಿತರು. ಅವರು ತೀರಿಕೊಂಡಾಗ ಬಿಟ್ಟುಹೋದ ಆಸ್ತಿಯೆಂದರೆ ಎರಡು ಟ್ರಂಕು ಪುಸ್ತಕ, ಕೈಬರಹದ ಟಿಪ್ಪಣಿ, ಕಾಗದಪತ್ರ. ಮಗನ ಭಕ್ತಿ ದೊಡ್ಡದು; ಆದುದರಿಂದ ಯೋಜನೆಯೂ ದೊಡ್ಡದು. ಗಾಜಿನ ಬಾಗಿಲುಳ್ಳ ತೇಗದ ಬೀರು ಬೇಕು, ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿಸಬೇಕು, ಅನಂತರ ಡ್ಯೂಯಿಯ ದಶಮಾಂಶ ಪದ್ಧತಿಯಂತೆ ಒಂದೊಂದಕ್ಕೂ ಸಂಖ್ಯೆ ಹಾಕಬೇಕು! 1876ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆ ಪದ್ಧತಿಯಲ್ಲಿ ಸಕಲ ವಿದ್ಯೆಗಳೂ ಹತ್ತು ವರ್ಗಗಳಲ್ಲಿ ಅಡಗಿವೆ. ಕನ್ನಡ ಸಾಹಿತ್ಯದ ಸಂಖ್ಯೆ 894.814. ಆದರೆ ಕುಮಾರವ್ಯಾಸನ ಭಾರತ ಧರ್ಮದ 200ಕ್ಕೆ ಸೇರಬೇಕೋ ಸಾಹಿತ್ಯದ 800ಕ್ಕೆ ಸೇರಬೇಕೋ ಎಂಬ ಜಿಜ್ಞಾಸೆಯೊಂದೇ ಮಿತ್ರರ ಎರಡು ಬೇಸಗೆ ರಜೆಗಳನ್ನು ನುಂಗಿತು.

ಹೀಗೆ ಹನ್ನೊಂದು ವರ್ಷ ಸಂದವು. ಒಂದು ದಿನ ಅವರ ತಾಯಿ, “ನಿಮ್ಮ ತಂದೆಯವರ ಅಕ್ಷರ ಒಂದು ಸಲ ನೋಡಬೇಕಪ್ಪಾ” ಎಂದರು. ಮೆಟ್ಟಿಲ ಕೆಳಗಿನ ಟ್ರಂಕುಗಳನ್ನು ಎಳೆದರು. ಒಂದರ ತಳ ತುಕ್ಕು ಹಿಡಿದು ತೂತಾಗಿತ್ತು. ಗೆದ್ದಲು ಒಳಹೊಕ್ಕು ಅಡಿಯ ಪದರವನ್ನೆಲ್ಲ ಮಣ್ಣುಮಾಡಿತ್ತು. ಪಂಡಿತರ ಟಿಪ್ಪಣಿಗಳಲ್ಲಿ ಬಹುಭಾಗ ಇದ್ದದ್ದು ಅಲ್ಲೇ.

ಆಮೇಲಿನ ಕೆಲಸ ಸೊಸೆಯದು. ಆಕೆ ಹಾಲಿನಲ್ಲಿ ಜಮಖಾನ ಹಾಸಿ ಮೂರು ರಾಶಿ ಮಾಡಿದರು: ಚೆನ್ನಾಗಿರುವುದು, ರಿಪೇರಿ ಆಗಬೇಕಾದುದು, ಕೈಬಿಟ್ಟುಹೋದುದು. ಉಳಿದುದನ್ನೆಲ್ಲ ಕೊಡವಿ, ನೆರಳಿನಲ್ಲಿ ಆರಿಸಿ, ಪಾತ್ರೆಗಳಿದ್ದ ಕಬ್ಬಿಣದ ಷೆಲ್ಫನ್ನು ಗೋಡೆಯಿಂದ ಗೇಣುದ್ದ ದೂರಕ್ಕೆ ಸರಿಸಿ, ಒಣಗಿದ ಬೇವಿನೆಲೆಯೊಡನೆ ಜೋಡಿಸಿದರು. ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿದಿತ್ತು. ಅತ್ತೆಯ ಕೈಯಲ್ಲಿ ಅಂಚು ಕಳೆದುಕೊಂಡ ಒಂದು ನೋಟುಪುಸ್ತಕವಿತ್ತು. ಪುಸ್ತಕಗಳ ಎತ್ತರ ಒಂದೇ ಸಮನಾಗಿಲ್ಲವೆಂದು ಮಿತ್ರರು ಮರುದಿನ ನನ್ನಲ್ಲಿ ದೂರಿದರೆನ್ನಿ!

ಗ್ರಂಥಾಲಯ ಶಾಸ್ತ್ರವೆಂದೊಡನೆ ನೆನಪಾಗುವ ಡಾ. ಎಸ್. ಆರ್. ರಂಗನಾಥನ್ ಅವರಿಗಿಂತ ಸೂಕ್ಷ್ಮವಾಗಿ ಪುಸ್ತಕ ವಿಂಗಡಿಸಬಲ್ಲವರು ವಿರಳ. 1933ರಲ್ಲಿ ಹೊಸದೊಂದು ವರ್ಗೀಕರಣವನ್ನೇ ನಿರ್ಮಿಸಿ, 1962ರಲ್ಲಿ ಬೆಂಗಳೂರಿನಲ್ಲಿ ಆ ಶಾಸ್ತ್ರಕ್ಕೊಂದು ಸಂಶೋಧನ ಕೇಂದ್ರವನ್ನು ಕಟ್ಟಿದವರು. ಆದರೆ 1931ರಲ್ಲಿ ಅವರು ನಿರೂಪಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ ಪುಸ್ತಕವಿರುವುದು ಬಳಕೆಗೆ ಎಂಬುದು. ಕೊನೆಯದರ ತಾತ್ಪರ್ಯ, ಗ್ರಂಥಾಲಯವು ಸದಾ ಬೆಳೆಯುವ ಜೀವಿ ಎಂಬುದು. ಬೆಳೆಯುವ ಜೀವಿಗೆ ಅಂತಿಮ ಓರಣವೆಲ್ಲಿಂದ ಬರಬೇಕು? ಮಕ್ಕಳಿರುವ ಮನೆಗಂತೂ ಈ ಮಾತು ಇನ್ನಷ್ಟು ಸಲ್ಲುತ್ತದೆ.

ನಮ್ಮ ಹೆಂಗಸರಿಗೆ ಈ ತತ್ತ್ವ ಬೊಂಬೆಹಬ್ಬದಿಂದಲೇ ಕರಗತ. ಪಾಡ್ಯದ ದಿನ ಪಟ್ಟದ ಬೊಂಬೆ ಮೇಲಿನ ಮೆಟ್ಟಿಲನ್ನು ಏರಲೇಬೇಕು. ಶೆಟ್ಟಿಯ ಕೈ ಮುರಿದಿದ್ದರೆ ಶೆಟ್ಟಮ್ಮನ ಹಿಂದೆ ನಿಲ್ಲುತ್ತಾನೆ; ಮೆಟ್ಟಿಲು ಸಾಲದಿದ್ದರೆ ಟ್ರಂಕಿಗೆ ಬಿಳಿ ಪಂಚೆ ಹೊದಿಸಿದರಾಯಿತು. ಎಲ್ಲ ಸರಿಹೋಗಲೆಂದು ನವರಾತ್ರಿಯನ್ನು ಮುಂದಕ್ಕೆ ಹಾಕಿದ ಮನೆಯನ್ನು ನಾನು ಕಂಡಿಲ್ಲ. ಬೀರುವಿಗೂ ಅಟ್ಟಕ್ಕೂ ಇಂತಹುದೇ ಒಂದು ತಿಥಿಯನ್ನು ನಾವೇ ಗೊತ್ತುಮಾಡಿಕೊಳ್ಳಬಾರದೇಕೆ? ಭಾನುವಾರ ಕಾಫಿಯಾದ ಮೇಲೆ ಒಂದು ಗಂಟೆ, ಒಂದೇ ಒಂದು ಅರೆ. ಗಂಟೆ ಮುಗಿದೊಡನೆ, ಅರ್ಧವಾಗಿದ್ದರೂ ಸರಿಯೆ, ಬಾಗಿಲು ಹಾಕಿ ಏಳಬೇಕು.

ಅಡುಗೆಮನೆಗೆ ಒಂದೇ ಅಳತೆಯ ಇಪ್ಪತ್ತನಾಲ್ಕು ಸ್ಟೀಲು ಡಬ್ಬಿಗಳು ಬರಲೆಂದು ಕಾದಿರುವ ಸೋದರಿಯರು ಈ ಭಾನುವಾರ ಅಲ್ಲಿಂದಲೇ ಆರಂಭಿಸಬಹುದು. ಉದ್ದಿನಬೇಳೆ ಹಾರ್ಲಿಕ್ಸ್ ಸೀಸೆಯಲ್ಲಿದ್ದರೇನು? ಮುಚ್ಚಳ ಬಿಗಿಯಾಗಿ ಕೂರುತ್ತದೆಯೆ, ಹುಳು ಬಿದ್ದಿಲ್ಲವೆ ಎಂದಿಷ್ಟು ನೋಡಿಕೊಂಡು ಮುಂದಿನ ಸೀಸೆಗೆ ಕೈಹಾಕಿರಿ.