ಬಾಣಕ್ಕಿಂತ ಮೊದಲು ಬರುವ ಸದ್ದು

ಮಕ್ಕಳೇ, ಮೊನ್ನೆ ರಾತ್ರಿ ಮೊಮ್ಮಗಳಿಗೆ ದಶರಥನ ಕಥೆ ಹೇಳುತ್ತಿದ್ದೆ. ಕತ್ತಲಲ್ಲಿ ಕೊಡಕ್ಕೆ ನೀರು ತುಂಬುವ ಸದ್ದು ಕೇಳಿ, ಆನೆಯೆಂದು ತಿಳಿದು ಅವನು ಬಾಣ ಬಿಟ್ಟ. ಅದು ಶ್ರವಣಕುಮಾರನಿಗೆ ನಾಟಿತು. ಅವಳು ತಟ್ಟನೆ ಕೇಳಿದಳು: “ಅಜ್ಜಾ, ಬಿಲ್ಲಿಗೂ ಸದ್ದಿರುತ್ತಲ್ಲ? ಅದನ್ನು ಕೇಳಿ ತಪ್ಪಿಸಿಕೊಳ್ಳೋಕೆ ಆಗಲ್ವಾ?”

ಜಿಂಕೆಗಾದರೆ ಕೆಲವೊಮ್ಮೆ ಆಗುತ್ತದೆ! ಅಮೆರಿಕದಲ್ಲಿ ಪರವಾನಗಿ ಪಡೆದು ಬಿಳಿಬಾಲದ ಜಿಂಕೆಯನ್ನು ಬಿಲ್ಲಿನಿಂದ ಬೇಟೆಯಾಡುವವರಿದ್ದಾರೆ. ಸರಿಯಾಗಿ ಗುರಿಯಿಟ್ಟ ಬಾಣವೂ ಜಿಂಕೆಯ ಬೆನ್ನ ಮೇಲಿಂದ ಹಾದುಹೋಗುವುದನ್ನು ಅವರು ಕಂಡಿದ್ದಾರೆ.

ಲೆಕ್ಕ ನೋಡೋಣ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಇಂದಿನ ರಾಟೆಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 85 ಮೀಟರ್ ಹೋಗುತ್ತದೆ ಎನ್ನೋಣ. ಜಿಂಕೆ 30 ಮೀಟರ್ ದೂರದಲ್ಲಿದ್ದರೆ ಹೆದೆಯ ಸದ್ದು 0.09 ಸೆಕೆಂಡಿನಲ್ಲಿ ಅದರ ಕಿವಿಗೆ ಬೀಳುತ್ತದೆ. ಬಾಣ ತಲುಪಲು 0.35 ಸೆಕೆಂಡು ಬೇಕು. ನಡುವೆ ಉಳಿಯುವುದು ಕಾಲು ಸೆಕೆಂಡು!

ಜಿಂಕೆ ಬಾಣವನ್ನು ನೋಡಿ ತಲೆ ತಗ್ಗಿಸುವುದಿಲ್ಲ. ಸದ್ದಿಗೆ ಬೆಚ್ಚಿ ಓಡಲು ಹೊರಡುತ್ತದೆ. ನೀವು ಎತ್ತರಕ್ಕೆ ಹಾರುವ ಮುನ್ನ ಏನು ಮಾಡುತ್ತೀರಿ? ಮೊಣಕಾಲು ಮಡಿಸಿ ಕುಗ್ಗುತ್ತೀರಿ, ಅಲ್ಲವೇ? ಜಿಂಕೆಯೂ ಹಾಗೆಯೇ ಕುಗ್ಗುತ್ತದೆ. ಆಗ ಬಾಣ ಮೇಲಿಂದ ಹೋಗುತ್ತದೆ.

ಆದರೆ 10 ಮೀಟರ್ ದೂರದಲ್ಲಿದ್ದರೆ ಅದಕ್ಕೆ ಸಿಗುವ ಬಿಡುವು 0.09 ಸೆಕೆಂಡು ಮಾತ್ರ. ಅಷ್ಟರಲ್ಲಿ ಕುಗ್ಗುವುದು ಕಷ್ಟ. ಮೈಮರೆತು ಮೇಯುವ ಜಿಂಕೆಗಿಂತ, ಕಿವಿ ನಿಮಿರಿಸಿ ನಿಂತ ಜಿಂಕೆ ಬೇಗ ಬೆಚ್ಚುತ್ತದೆ.

ಇದರಲ್ಲೊಂದು ಸಂಕಟವೂ ಇದೆ. ಜಿಂಕೆ ಅರ್ಧ ಕುಗ್ಗಿದಾಗ ಬಾಣ ತಾಗಿದರೆ ಅದು ಪೂರ್ತಿ ತಪ್ಪಿಸಿಕೊಳ್ಳುವುದೂ ಇಲ್ಲ, ತಕ್ಷಣ ಸಾಯುವುದೂ ಇಲ್ಲ. ಗಾಯ ಹೊತ್ತು ಕಾಡಿನಲ್ಲಿ ನರಳುತ್ತದೆ. ಅದಕ್ಕೇ ವಿವೇಕವುಳ್ಳ ಬೇಟೆಗಾರರು ದೂರದ ಜಿಂಕೆಗೆ, ಎಚ್ಚೆತ್ತ ಜಿಂಕೆಗೆ ಬಾಣ ಬಿಡದೆ ಬಿಲ್ಲು ಇಳಿಸುತ್ತಾರೆ. ನಮ್ಮ ದೇಶದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆಯ ಬೇಟೆ ಅಪರಾಧ.

ಈಗ ಒಂದು ಆಟ. ಅಜ್ಜನೋ ಅಜ್ಜಿಯೋ 30 ಸೆಂಟಿಮೀಟರ್ ಸ್ಕೇಲನ್ನು ನೇರವಾಗಿ ತೂಗಿಬಿಡಲಿ. ನೀವು ಸೊನ್ನೆಯ ಬಳಿ ಬೆರಳು ಬಿಡಿಸಿ ಕಾದಿರಿ. ಹೇಳದೆ ಕೈಬಿಟ್ಟಾಗ ಥಟ್ಟನೆ ಹಿಡಿಯಿರಿ. 20 ಸೆಂಟಿಮೀಟರ್ ಗುರುತಿನಲ್ಲಿ ಹಿಡಿದರೆ ನಿಮಗೆ ಬೇಕಾದದ್ದು 0.2 ಸೆಕೆಂಡು. ಆಮೇಲೆ ಅಜ್ಜನ ಸರದಿ!

ನನ್ನ ಮೊಮ್ಮಗಳು 18ರಲ್ಲಿ ಹಿಡಿದಳು. ನನಗೆ ಸ್ಕೇಲೇ ಸಿಗಲಿಲ್ಲ, ನೆಲಕ್ಕೆ ಬಿತ್ತು. ನಗು ನಿಂತ ಮೇಲೆ ಅವಳು ಮತ್ತೆ ಕೇಳಿದಳು: “ಹಾಗಾದ್ರೆ ಶ್ರವಣಕುಮಾರನಿಗೆ ಯಾಕೆ ಕೇಳಿಸಲಿಲ್ಲ?”

“ಕೊಡ ಬುಳುಬುಳು ಅಂತಿತ್ತಲ್ಲ ಮಗಾ,” ಎಂದೆ.