ಹಲಗಿ ಬೇಕು, ಹಾಡು ಬೇಡ!



ಪಾಲಬಾವಿಯಿಂದ ಅಥಣಿತನಕ ಹಲಗಿ ಬಡಿಯದೆ ಜಾತ್ರೆ ಏಳುವುದಿಲ್ಲ. ಸಿನಿಮಾದವರಿಗೂ ಹಲಗಿ ಬೇಕೇ ಬೇಕು. ಹೀರೋ ಹೊಡೆದಾಟಕ್ಕಿಳಿದರೆ ಹಲಗಿ, ಮೈಮೇಲೆ ದೇವಿ ಬಂದರೆ ಹಲಗಿ. ಬಡಿಯುವವನ ಮಾತು ಮಾತ್ರ ಬೇಡ.

ಇದು ನಮ್ಮಲ್ಲಷ್ಟೇ ಅಲ್ಲ. ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದ 1972ರಲ್ಲೇ ಅಮೆರಿಕದಲ್ಲಿ 'ಸೂಪರ್ ಫ್ಲೈ' ಎಂಬ ಚಿತ್ರ ಬಂತು. ಕೊಕೇನ್ ಮಾರುವ ಕಪ್ಪು ಯುವಕನೇ ನಾಯಕ. ಕಾರು, ಕೋಟು, ದಿಮಾಕು. ಸಂಗೀತ ಕರ್ಟಿಸ್ ಮೇಫೀಲ್ಡರದು. ಕಪ್ಪು ಜನರ ಚರ್ಚಿನ ಹಾಡಿನಿಂದ ಬೆಳೆದ ಸೋಲ್, ಕಾಲು ಸುಮ್ಮನಿರಗೊಡದ ಫಂಕ್ ತಾಳ, ಎರಡನ್ನೂ ಕೂಡಿಸಿ ಅವರು ಚಿತ್ರದ ದಿಮಾಕಿನ ವಿರುದ್ಧವೇ ಹಾಡು ಕಟ್ಟಿದರು. ಆ ದಂಧೆ ಬಳಸಿ ಬಿಸಾಕಿದ ಫ್ರೆಡ್ಡಿ ಎಂಬವನ ಸಾವಿನ ಮೇಲೂ ಒಂದು ಹಾಡುಂಟು. ಚಿತ್ರದಲ್ಲಿ ಅದರ ಮಟ್ಟು ಮಾತ್ರ ಕೇಳಿಸುತ್ತದೆ, ಮಾತಿಲ್ಲ! ಮಾತು ಬೇಕಾದವರು ರೆಕಾರ್ಡು ಕೊಂಡು ಕೇಳಿದರು. ಆ ರೆಕಾರ್ಡು ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಈಗ ನಮ್ಮ 'ಚೋಮನ ದುಡಿ' ನೋಡ್ರಿ. 1975ರ ಚಿತ್ರ. ನಿರ್ದೇಶನ ಬಿ.ವಿ. ಕಾರಂತರದು, ಸಂಗೀತವೂ ಅವರದೇ. ಹೊಲೆಯ ಚೋಮನಿಗೆ ಎತ್ತುಗಳಿವೆ, ಉಳಲು ಅಂಗೈಯಗಲ ನೆಲ ಇಲ್ಲ. ಸಿಟ್ಟಿಗೂ ದುಡಿ, ದುಃಖಕ್ಕೂ ದುಡಿ. ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ದೊಡ್ಡ ಚಿತ್ರ, ಒಪ್ಪೋಣ. ಆದರೆ ಚೋಮ ದುಡಿ ಬಡಿಯುತ್ತಲೇ ಸಾಯುತ್ತಾನೆ, ನೋಡಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ.

ಅದೇ 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಚೋಮ ಆಡದೆ ನುಂಗಿದ ಮಾತೆಲ್ಲ ಅದರೊಳಗಿತ್ತು. ಸಭೆಗಳಲ್ಲಿ, ಬೀದಿಗಳಲ್ಲಿ ಜನ ಆ ಕವಿಯನ್ನು ಹಾಡಿದರು. ಸಿನಿಮಾದಿಂದ ಮನೆಮಾತಾದದ್ದು ಮಾತ್ರ 1993ರ 'ಬಾ ನಲ್ಲೆ ಮಧುಚಂದ್ರಕೆ'ಯ ಬೆಳದಿಂಗಳ ಪ್ರೇಮಗೀತೆ. ಚೆಲುವಾದ ಹಾಡೇ ಬಿಡ್ರಿ, ನಾನೂ ಗುನುಗುತ್ತೇನೆ. ಆದರೆ ದಲಿತ ಕವಿಯ ಪ್ರೀತಿಗೆ ತೆರೆದಷ್ಟು ಸಲೀಸಾಗಿ ಅವನ ಸಿಟ್ಟಿಗೆ ಥೇಟರಿನ ಬಾಗಿಲು ಯಾಕೆ ತೆರೆಯುವುದಿಲ್ಲ?

ತಮಿಳಿನವರು ಆ ಬಾಗಿಲು ಒದ್ದರು. 2018ರಲ್ಲಿ ಪಾ. ರಂಜಿತರ 'ಕಾಲಾ' ಬಂದಾಗ ಧಾರಾವಿಯದೇ ರ್‍ಯಾಪ್ ಹುಡುಗರು ಅದರಲ್ಲಿ ಹಾಡಿದರು. ಚೋಮ ಬೇಡಿದ್ದ ನೆಲವನ್ನೇ ಆ ಚಿತ್ರ ಬಾಯಿಬಿಟ್ಟು ಕೇಳಿತು.

ನಮ್ಮ ಹಾಸ್ಟೆಲುಗಳಲ್ಲಿ ಹಲಗಿ ಬಡಿಯುವವರೂ ಇದ್ದಾರೆ, ಕವಿತೆ ಬರೆದು ದಿಂಬಿನಡಿ ಇಡುವವರೂ ಇದ್ದಾರೆ. ಇಬ್ಬರೂ ಒಂದೇ ಕೋಣೆಯಲ್ಲಿ ಕೂತಿದ್ದು ಯಾವಾಗ? ಮುಂದಿನ ಸಭೆಗೆ ಇಬ್ಬರೂ ಬರ್ರಿ. ಬರೆದದ್ದು ತರ್ರಿ, ಹಲಗಿ ಕಾಸ್ಕೊಂಡು ಬರ್ರಿ.